ಅರ್ಥಶಾಸ್ತ್ರದ ಮಹಾದ್ವಾರವೂ ಡೊಂಬಿವಲಿಯ ಹನ್ನೊಂದನೆಯ ತರಗತಿಯೂ

ಬೇಸಗೆ ಮುಗಿಯುತ್ತ ಬಂದು ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ, ಠಾಣೆಯಿಂದ ಡೊಂಬಿವಲಿ, ಕಲ್ಯಾಣಗಳವರೆಗೆ ರೈಲುಹಾದಿಯ ಎರಡು ಮಗ್ಗುಲಲ್ಲಿಯೂ, ಖಾಡಿಯ ಆಚೆಗೆ ವಾಶಿ, ನೆರೂಳ, ಬೇಲಾಪುರಗಳಲ್ಲಿಯೂ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತಿರುತ್ತದೆ: ಮಗುವನ್ನು ವಿಜ್ಞಾನಕ್ಕೆ ಸೇರಿಸುವುದೋ, ವಾಣಿಜ್ಯಕ್ಕೆ ಸೇರಿಸುವುದೋ. ಊರಿನಿಂದ ಸೋದರಮಾವನ ಫೋನು ಬರುತ್ತದೆ. ಸಂಘದ ಹಿರಿಯರು ತಮ್ಮ ಅನುಭವವನ್ನು ಹೇಳುತ್ತಾರೆ. ಕಳೆದ ವರ್ಷದ ಕಟ್‌ಆಫ್ ಪಟ್ಟಿಗಳು ಕೈಯಿಂದ ಕೈಗೆ ಹೋಗುತ್ತವೆ. ಆದರೆ ವಾಣಿಜ್ಯವೇ ಸರಿಯೆಂದು ನಿಶ್ಚಯವಾದ ಮೇಲೆ ಉಳಿಯುವ ಒಂದು ಸಣ್ಣ ಆಯ್ಕೆಯನ್ನು ಕುರಿತು, ಅಂದರೆ ಗಣಿತವನ್ನು ತೆಗೆದುಕೊಳ್ಳುವುದೋ, ಅದರ ಬದಲಾಗಿ ಎಲ್ಲರೂ ‘ಎಸ್.ಪಿ.’ ಎಂದು ಕರೆಯುವ ಸೆಕ್ರೆಟೇರಿಯಲ್ ಪ್ರಾಕ್ಟೀಸ್ ಎಂಬ ವಿಷಯವನ್ನು ತೆಗೆದುಕೊಳ್ಳುವುದೋ ಎಂಬುದನ್ನು ಕುರಿತು, ಯಾರೂ ಹೆಚ್ಚು ಹೊತ್ತು ಆಲೋಚಿಸುವುದಿಲ್ಲ. ಗಣಿತ ಕಷ್ಟ, ಎಸ್.ಪಿ.ಯಲ್ಲಿ ಅಂಕಗಳು ಸುಲಭವಾಗಿ ಬರುತ್ತವೆ ಎಂಬ ಸಹಪಾಠಿಗಳ ಮಾತೇ ಪ್ರಮಾಣವಾಗಿ, ಎರಡು ನಿಮಿಷಗಳಲ್ಲಿ ಆ ಆಯ್ಕೆ ಮುಗಿದುಹೋಗುತ್ತದೆ. ಅರ್ಥಶಾಸ್ತ್ರವನ್ನು ದೇಶದ, ಅಥವಾ ವಿದೇಶದ, ಅತ್ಯಂತ ಕಠಿಣ ಆಯ್ಕೆಯ ವಿಶ್ವವಿದ್ಯಾಲಯಗಳಲ್ಲಿ ಓದಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಗೆ, ಮುಂದೆ ಬರುವ ಯಾವ ಪ್ರವೇಶಪರೀಕ್ಷೆಗಿಂತಲೂ ಈ ಎರಡು ನಿಮಿಷಗಳೇ ನಿರ್ಣಾಯಕವಾದವು.

ಇದು ಉತ್ಪ್ರೇಕ್ಷೆಯಲ್ಲ. ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್ ಪದವಿಗೆ ಅರ್ಜಿ ಹಾಕಬೇಕಾದರೆ, ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶಪರೀಕ್ಷೆಯಲ್ಲಿ (ಸಿ.ಯು.ಇ.ಟಿ.ಯಲ್ಲಿ) ಗಣಿತದ ಪತ್ರಿಕೆಯನ್ನು ಬರೆದೇ ತೀರಬೇಕು. ಮುಂಬಯಿಯ ಐ.ಐ.ಟಿ.ಯಲ್ಲಿ ಅರ್ಥಶಾಸ್ತ್ರದ ನಾಲ್ಕು ವರ್ಷಗಳ ಪದವಿ ಇದೆಯೆಂಬುದು ಬಹುಮಂದಿಗೆ ತಿಳಿಯದು. ಅದಕ್ಕೆ ದಾರಿ ಜೆ.ಇ.ಇ. ಅಡ್ವಾನ್ಸ್‌ಡ್ ಪರೀಕ್ಷೆಯ ಮೂಲಕವೇ ಹೊರತು ಬೇರೆಯಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯವೂ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸೂ ಈಗ ತಮ್ಮ ಅರ್ಥಶಾಸ್ತ್ರದ ಅಭ್ಯರ್ಥಿಗಳಿಗೆ ವಿಧಿಸಿರುವುದು ‘ಟಿ.ಎಂ.ಯು.ಎ.’ ಎಂಬ ಗಣಿತದ ಪರೀಕ್ಷೆಯನ್ನು. ಅರ್ಥಶಾಸ್ತ್ರವನ್ನು ಓದಬಯಸುವವನಿಗೆ ಅರ್ಥಶಾಸ್ತ್ರದ ಪ್ರಶ್ನೆಯನ್ನೇ ಕೇಳದೆ ಗಣಿತದ ಪ್ರಶ್ನೆಯನ್ನು ಕೇಳುವ ಈ ಪದ್ಧತಿ ವಿಚಿತ್ರವೆಂದು ತೋರಬಹುದು. ಆದರೆ ಶಾಸ್ತ್ರದ ಇತಿಹಾಸವನ್ನು ಬಲ್ಲವರಿಗೆ ಇದರಲ್ಲಿ ವೈಚಿತ್ರ್ಯವಿಲ್ಲ: ಕೇಂಬ್ರಿಜ್‌ನಲ್ಲಿ 1903ರಲ್ಲಿ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಪದವಿಯನ್ನು ಸ್ಥಾಪಿಸಿದ ಆಲ್‌ಫ್ರೆಡ್ ಮಾರ್ಷಲ್ಲರೂ, ಅವರ ಅನಂತರ ಆ ವಿದ್ಯಾಪೀಠದ ಕೀರ್ತಿಯನ್ನು ಲೋಕಕ್ಕೆಲ್ಲ ಹರಡಿದ ಕೇನ್ಸರೂ ಮೂಲತಃ ಗಣಿತದಲ್ಲಿ ಪದವಿ ಪಡೆದವರು.

ನಮ್ಮವರು ವಾಣಿಜ್ಯವನ್ನು ಆರಿಸಿಕೊಳ್ಳುವುದಕ್ಕೆ ಗಟ್ಟಿಯಾದ ಕಾರಣವಿದೆ. ಅದನ್ನು ಲಘುವಾಗಿ ಎಣಿಸುವುದು ಅನ್ಯಾಯ. ದಕ್ಷಿಣ ಕನ್ನಡ, ಉಡುಪಿಗಳ ಕಡೆಯಿಂದ ಎಳೆಯ ವಯಸ್ಸಿನಲ್ಲಿಯೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಮಾಧ್ಯಮದ ರಾತ್ರಿಶಾಲೆಯಲ್ಲಿ ಓದಿದ ಒಂದು ತಲೆಮಾರು, ಲೆಕ್ಕಪತ್ರ ಬಲ್ಲವನಿಗೆ ಅನ್ನ ತಪ್ಪದು ಎಂಬ ಸತ್ಯವನ್ನು ಕಣ್ಣಾರೆ ಕಂಡಿತು. ಆ ತಲೆಮಾರಿನಿಂದ ಬ್ಯಾಂಕಿನ ಅಧಿಕಾರಿಗಳು ಬಂದರು, ವಕೀಲರು ಬಂದರು, ಚಾರ್ಟರ್ಡ್ ಅಕೌಂಟೆಂಟರು ಬಂದರು. ಡೊಂಬಿವಲಿಯ ಕರ್ನಾಟಕ ಸಂಘವು ಮಂಜುನಾಥನ ಹೆಸರಿನಲ್ಲಿ ನಡೆಸುತ್ತಿರುವ ಕಾಲೇಜು ವಾಣಿಜ್ಯದ ಕಾಲೇಜಾಗಿರುವುದು ಆಕಸ್ಮಿಕವಲ್ಲ. ಆದುದರಿಂದ “ಅರ್ಥಶಾಸ್ತ್ರ ಓದಿ ಏನು ಮಾಡುತ್ತೀ ಮಗಾ, ಬಿ.ಕಾಂ. ಮಾಡಿ ಸಿ.ಎ.ಗೆ ಕೂತುಕೋ” ಎಂದು ತಂದೆ ಹೇಳಿದರೆ, ಆ ಮಾತಿನ ಹಿಂದೆ ಅರ್ಧ ಶತಮಾನದ ಕಷ್ಟಾರ್ಜಿತ ವಿವೇಕವಿರುತ್ತದೆ. ಇಷ್ಟು ಮಾತ್ರ ಅವರ ಗಮನಕ್ಕೆ ತರಬೇಕಾಗಿದೆ: ವಾಣಿಜ್ಯಶಾಸ್ತ್ರವು ಒಂದು ಸಂಸ್ಥೆಯ ಲೆಕ್ಕವನ್ನು ಇಡುವ ಬಗೆಯನ್ನು ಕಲಿಸಿದರೆ, ಅರ್ಥಶಾಸ್ತ್ರವು ಲಕ್ಷಾಂತರ ಜನರು ತಮ್ಮ ತಮ್ಮ ಲೆಕ್ಕವನ್ನು ತಾವೇ ಹಾಕಿಕೊಂಡು ನಡೆದಾಗ ಸಮಾಜದಲ್ಲಿ ಒಟ್ಟಾರೆ ಏನಾಗುತ್ತದೆಂಬುದನ್ನು ವಿಚಾರಿಸುತ್ತದೆ. ಎರಡೂ ಬೇಕು, ಒಂದರ ಸಿದ್ಧತೆ ಇನ್ನೊಂದರ ಸಿದ್ಧತೆಯಲ್ಲ.

ಈ ಮಾತನ್ನು ಪರಿಭಾಷೆಯಿಂದ ವಿವರಿಸುವುದಕ್ಕಿಂತ ನಮ್ಮವರ ಉದ್ಯೋಗದಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳುವುದು ಒಳ್ಳೆಯದು. ಠಾಣೆಯ ನಿಲ್ದಾಣದ ಸಮೀಪದಲ್ಲಿ ಒಂದು ಉಡುಪಿ ಹೋಟೆಲು ಇದೆಯೆಂದು ಭಾವಿಸೋಣ. ಮಸಾಲೆದೋಸೆಗೆ 60 ರೂಪಾಯಿ. ದಿನಕ್ಕೆ 300 ದೋಸೆ ಮಾರಾಟವಾಗುತ್ತದೆ. ಒಂದು ದೋಸೆಗೆ ತಗಲುವ ಖರ್ಚು 30 ರೂಪಾಯಿ. ಬೆಲೆಯನ್ನು ಒಂದೊಂದು ರೂಪಾಯಿ ಏರಿಸಿದಂತೆಲ್ಲ ಮೂರು ಮೂರು ದೋಸೆಗಳ ಮಾರಾಟ ಕಡಮೆಯಾಗುತ್ತದೆಂದು ಇಟ್ಟುಕೊಂಡರೆ, ಅತ್ಯಧಿಕ ಲಾಭ ಬರುವುದು ಯಾವ ಬೆಲೆಯಲ್ಲಿ? ಈಗಿನ ಲಾಭ ದಿನಕ್ಕೆ 9,000 ರೂಪಾಯಿ. ಬೆಲೆ 70 ಆದರೆ 270 ದೋಸೆ ಮಾರಿ 10,800 ರೂಪಾಯಿ ಲಾಭ. ಹೀಗೆ ಒಂದೊಂದೇ ಬೆಲೆಯನ್ನು ಪರೀಕ್ಷಿಸುತ್ತ ಹೋಗಬಹುದು. ಆದರೆ ಹನ್ನೆರಡನೆಯ ತರಗತಿಯ ಅವಕಲನವನ್ನು ಬಲ್ಲ ಹುಡುಗಿ ಲಾಭವನ್ನು ಬೆಲೆಯ ವರ್ಗಸಮೀಕರಣವನ್ನಾಗಿ ಬರೆದು, ಅದರ ಪ್ರವಣತೆ ಸೊನ್ನೆಯಾಗುವ ಬಿಂದುವನ್ನು ಹಿಡಿದು, 95 ರೂಪಾಯಿ ಎಂದು ಎರಡು ಸಾಲಿನಲ್ಲಿ ಹೇಳಿಬಿಡುತ್ತಾಳೆ. ಆ ಬೆಲೆಯಲ್ಲಿ 195 ದೋಸೆ ಮಾರಿದರೂ ಲಾಭ 12,675 ರೂಪಾಯಿ.

ಗಣಿತ ಇಲ್ಲಿಗೆ ಮುಗಿಯಿತು. ಅರ್ಥಶಾಸ್ತ್ರ ಇಲ್ಲಿಂದ ಆರಂಭವಾಗುತ್ತದೆ. ಲೆಕ್ಕ ಇಷ್ಟು ಸ್ಪಷ್ಟವಾಗಿರುವಾಗ ಹೋಟೆಲಿನ ಯಜಮಾನರು ಬೆಲೆಯನ್ನು 95ಕ್ಕೆ ಏಕೆ ಏರಿಸುವುದಿಲ್ಲ? ಅವರು ಲೆಕ್ಕವರಿಯದವರೆಂದು ಹೇಳುವ ವಿದ್ಯಾರ್ಥಿ ಪ್ರವೇಶದ ಸಂದರ್ಶನದಲ್ಲಿ ನಿಲ್ಲಲಾರನು. ಎದುರುಗಡೆ ಇನ್ನೊಂದು ಹೋಟೆಲು ಇದೆ. ಬೆಲೆ ಸ್ವಲ್ಪ ಏರಿದಾಗ ಮೂವರು ಹೋದರೆಂದು, ಬಹಳ ಏರಿದಾಗಲೂ ಅದೇ ಪ್ರಮಾಣದಲ್ಲಿ ಹೋಗುವರೆಂಬ ಭರವಸೆಯಿಲ್ಲ. ದೋಸೆಗೆಂದು ಬಂದವನು ಕಾಫಿಯನ್ನೂ ಕುಡಿಯುವನಾದ್ದರಿಂದ ಅವನನ್ನು ಕಳೆದುಕೊಂಡರೆ ಹೋಗುವುದು ದೋಸೆಯ ಲಾಭ ಮಾತ್ರವಲ್ಲ. ದಿನವೂ ಬರುವ ಗಿರಾಕಿಗೆ ಇದು ನ್ಯಾಯವಾದ ಬೆಲೆಯೆಂಬ ಒಂದು ಭಾವನೆ ಇದೆ, ಅದನ್ನು ಒಡೆದರೆ ಮತ್ತೆ ಕೂಡಿಸುವುದು ಕಷ್ಟ. ಈರುಳ್ಳಿಯ ಬೆಲೆ ವಾರಕ್ಕೊಮ್ಮೆ ಏರಿಳಿದರೂ ಗೋಡೆಯ ಮೇಲಿನ ದರಪಟ್ಟಿ ತಿಂಗಳುಗಟ್ಟಲೆ ಏಕೆ ಬದಲಾಗದು ಎಂಬ ಪ್ರಶ್ನೆಯಂತೂ, ಬೆಲೆಗಳ ಜಡತೆಯೆಂಬ ಹೆಸರಿನಲ್ಲಿ, ವಿಶ್ವವಿದ್ಯಾಲಯದ ಉನ್ನತ ತರಗತಿಗಳಲ್ಲಿಯೂ ಇಂದಿಗೂ ವಾದಕ್ಕೆ ವಸ್ತುವಾಗಿದೆ. ಒಂದು ಊಹೆಯನ್ನು ಸ್ಪಷ್ಟವಾಗಿ ಮುಂದಿಟ್ಟು, ಅದರಿಂದ ಏನು ಸಿದ್ಧಿಸುತ್ತದೆಂಬುದನ್ನು ತಪ್ಪಿಲ್ಲದೆ ಲೆಕ್ಕ ಹಾಕಿ, ಬಳಿಕ ಆ ಊಹೆ ಲೋಕದಲ್ಲಿ ಎಲ್ಲಿ ಸಡಿಲಗೊಳ್ಳುತ್ತದೆಂಬುದನ್ನು ಪ್ರಾಮಾಣಿಕವಾಗಿ ಹುಡುಕುವ ಬುದ್ಧಿ ಯಾರಲ್ಲಿದೆಯೋ ಅವರನ್ನೇ ಈ ವಿಶ್ವವಿದ್ಯಾಲಯಗಳು ಅರಸುತ್ತಿವೆ. ಲೆಕ್ಕ ಬಾರದವನಿಗೆ ಎರಡನೆಯ ಮೆಟ್ಟಿಲೇ ಇಲ್ಲ; ಲೆಕ್ಕ ಮಾತ್ರ ಬರುವವನು ಮೂರನೆಯದಕ್ಕೆ ಏರಲಾರ.

ಹಾಗಾದರೆ ಮಹಾರಾಷ್ಟ್ರ ಮಂಡಳಿಯ ವಾಣಿಜ್ಯ ಗಣಿತವನ್ನು ತೆಗೆದುಕೊಂಡವನಿಗೆ ಎಷ್ಟು ಸಿದ್ಧತೆ ದೊರೆಯುತ್ತದೆ? ಸಾಮಾನ್ಯವಾಗಿ ನಂಬಿರುವುದಕ್ಕಿಂತ ಹೆಚ್ಚು. ಹನ್ನೆರಡನೆಯ ತರಗತಿಯ ಆ ಪುಸ್ತಕದ ಮೊದಲ ಭಾಗದಲ್ಲಿ ಗಣಿತೀಯ ತರ್ಕ, ಮಾತೃಕೆ, ಅವಕಲನ, ಸಮಾಕಲನ, ಅವಕಲ ಸಮೀಕರಣಗಳೂ, ಎರಡನೆಯ ಭಾಗದಲ್ಲಿ ಸಮಾಶ್ರಯಣ, ಕಾಲಶ್ರೇಣಿ, ಸೂಚ್ಯಂಕ, ರೇಖೀಯ ಕಾರ್ಯಯೋಜನೆ, ಸಂಭವನೀಯತೆಯ ವಿತರಣೆಗಳೂ ಇವೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಸಾಮಗ್ರಿಯನ್ನು ಕಲ್ಪಿಸುವುದು ಕಷ್ಟ. ಸಾಮಾನ್ಯ ಪ್ರವೇಶಪರೀಕ್ಷೆಯ ಗಣಿತದ ಪತ್ರಿಕೆಯಲ್ಲಿ ಅನ್ವಯಿಕ ಗಣಿತಕ್ಕೆಂದು ಒಂದು ಪ್ರತ್ಯೇಕ ಭಾಗವಿದ್ದು, ಅದರ ಬಹುಪಾಲು ವಿಷಯಗಳು ಈ ಪುಸ್ತಕಕ್ಕೆ ಪರಿಚಿತವಾದವುಗಳೇ. ವಿಜ್ಞಾನಶಾಖೆಯ ಗಣಿತ ಇನ್ನೂ ವಿಸ್ತಾರವಾದದ್ದು, ಸಂದೇಹವಿಲ್ಲ. ವಾಣಿಜ್ಯದ ಪಠ್ಯದಲ್ಲಿ ತ್ರಿಕೋನಮಿತಿಗೆ ಸ್ಥಾನ ಅತ್ಯಲ್ಪವಾದ್ದರಿಂದ, ವಿದೇಶದ ಪರೀಕ್ಷೆಗೆ ಕುಳಿತುಕೊಳ್ಳುವವರು ಅದನ್ನು ಬೇರೆಯಾಗಿ ಅಭ್ಯಾಸ ಮಾಡಿಕೊಳ್ಳಬೇಕು. ಆದರೆ ಗಣಿತೀಯ ತರ್ಕದ ಆ ಮೊದಲ ಅಧ್ಯಾಯವನ್ನು, ಹೆಚ್ಚಿನವರು ಅಂಕಗಳಿಗೆಂದು ಬಾಯಿಪಾಠ ಮಾಡಿ ಮರೆತುಬಿಡುವ ಅಧ್ಯಾಯವನ್ನು, ಗೌರವದಿಂದ ಓದಬೇಕೆಂದು ಎಲ್ಲ ವಿದ್ಯಾರ್ಥಿಗಳನ್ನೂ ಪ್ರಾರ್ಥಿಸುತ್ತೇನೆ. ‘ಹೀಗಾದರೆ ಹಾಗೆ’ ಎಂಬ ಹೇಳಿಕೆ ನಿಜವಾದ ಮಾತ್ರಕ್ಕೆ ‘ಹಾಗಾದರೆ ಹೀಗೆ’ ಎಂಬುದು ನಿಜವಾಗಬೇಕಿಲ್ಲ ಎಂಬ ವಿವೇಕವನ್ನು ಅದು ಕಲಿಸುತ್ತದೆ. ಟಿ.ಎಂ.ಯು.ಎ.ಯ ಎರಡು ಪತ್ರಿಕೆಗಳಲ್ಲಿ, ತಲಾ 75 ನಿಮಿಷಗಳ ಅವಧಿಯಲ್ಲಿ ತಲಾ 20 ಪ್ರಶ್ನೆಗಳನ್ನು ಕ್ಯಾಲ್‌ಕ್ಯುಲೇಟರಿನ ನೆರವಿಲ್ಲದೆ ಬಿಡಿಸಬೇಕಾದ ಆ ಎರಡು ಪತ್ರಿಕೆಗಳಲ್ಲಿ, ಎರಡನೆಯದು ಪರೀಕ್ಷಿಸುವುದು ಮುಖ್ಯವಾಗಿ ಈ ತರ್ಕವನ್ನೇ.

ಅರ್ಥಶಾಸ್ತ್ರದ ಪಠ್ಯಪುಸ್ತಕದ ಕುರಿತು ಇದೇ ಮೆಚ್ಚುಗೆಯನ್ನು ಹೇಳಲಾರೆ. ಮಂಡಳಿಯ ಹನ್ನೆರಡನೆಯ ತರಗತಿಯ ಪುಸ್ತಕ ತುಷ್ಟಿಗುಣ, ಬೇಡಿಕೆ, ಪೂರೈಕೆ, ಮಾರುಕಟ್ಟೆಯ ರೂಪಗಳು, ಸೂಚ್ಯಂಕ, ರಾಷ್ಟ್ರೀಯ ಆದಾಯ, ಸಾರ್ವಜನಿಕ ಹಣಕಾಸು, ವಿದೇಶವ್ಯಾಪಾರಗಳವರೆಗೆ ಹೋಗುತ್ತದಾದರೂ, ಲಕ್ಷಣ, ಭೇದ, ಮಹತ್ತ್ವಗಳನ್ನು ಸಾಲುಸಾಲಾಗಿ ನೆನಪಿಡಿಸುವ ಪ್ರವೃತ್ತಿ ಅದರಲ್ಲಿ ಹೆಚ್ಚು. ರಾಷ್ಟ್ರದ ಆದಾಯ ಹೇಗೆ ನಿರ್ಧಾರವಾಗುತ್ತದೆ, ಸರ್ಕಾರದ ಒಂದು ರೂಪಾಯಿಯ ವೆಚ್ಚ ಒಂದಕ್ಕಿಂತ ಹೆಚ್ಚು ರೂಪಾಯಿಯ ಆದಾಯವನ್ನು ಹೇಗೆ ಹುಟ್ಟಿಸಬಲ್ಲುದು ಎಂಬ ಗುಣಕದ ವಿಚಾರ ಅಲ್ಲಿ ದೊರೆಯದು. ಪ್ರವೇಶಪರೀಕ್ಷೆಯಾದರೋ ಎನ್.ಸಿ.ಇ.ಆರ್.ಟಿ.ಯ ಪುಸ್ತಕಗಳನ್ನು ಅನುಸರಿಸುವಂಥದು. ಆದುದರಿಂದ ರಾಜ್ಯಮಂಡಳಿಯ ವಿದ್ಯಾರ್ಥಿ ಆ ಪುಸ್ತಕಗಳನ್ನು, ಹನ್ನೊಂದನೆಯ ತರಗತಿಯ ಭಾರತದ ಆರ್ಥಿಕ ಬೆಳವಣಿಗೆಯನ್ನು ಕುರಿತ ಪುಸ್ತಕವೂ ಸೇರಿದಂತೆ, ಹನ್ನೊಂದರಲ್ಲಿರುವಾಗಲೇ ಓದತೊಡಗಬೇಕು. ಅವು ಅಲ್ಪ ಬೆಲೆಗೆ ದೊರೆಯುತ್ತವೆ. ಲಕ್ಷ ರೂಪಾಯಿಯ ಕ್ಲಾಸುಗಳಿಗೆ ಸೇರುವ ಮೊದಲು ಅವನ್ನು ಒಮ್ಮೆ ಆಮೂಲಾಗ್ರವಾಗಿ ಓದಿದವರು ಎಷ್ಟು ಮಂದಿ ಎಂಬುದನ್ನು ಪೋಷಕರು ವಿಚಾರಿಸಬೇಕು.

ದಿಲ್ಲಿಯ ದಾರಿಯನ್ನು ಇನ್ನಷ್ಟು ವಿವರಿಸುವುದು ಆವಶ್ಯಕ, ಏಕೆಂದರೆ ಮಧ್ಯಮವರ್ಗದ ಮನೆಗೆ ಎಟುಕುವಂಥದು ಅದೇ. ಬಹುಕಾಲ ಅಲ್ಲಿಯ ಪ್ರವೇಶ ಹನ್ನೆರಡನೆಯ ತರಗತಿಯ ಅಂಕಗಳನ್ನೇ ಆಧರಿಸಿತ್ತು. 2021ರಲ್ಲಿ ಕೆಲವು ಕಾಲೇಜುಗಳ ಕೆಲವು ಪದವಿಗಳಿಗೆ ಮೊದಲ ಪಟ್ಟಿಯಲ್ಲಿಯೇ ನೂರಕ್ಕೆ ನೂರು ಅಂಕಗಳನ್ನು ಕೇಳುವ ಮಟ್ಟಕ್ಕೆ ಆ ಪದ್ಧತಿ ತಲುಪಿತು. ಅಂಕಗಳನ್ನು ಧಾರಾಳವಾಗಿ ನೀಡುವ ಮಂಡಳಿಯ ಮಕ್ಕಳಿಗೆ ಲಾಭ, ಬಿಗಿಯಾದ ಮಂಡಳಿಯ ಮಕ್ಕಳಿಗೆ ನಷ್ಟ ಎಂಬ ದೂರು ಆಗ ಎಲ್ಲೆಡೆ ಇತ್ತು. 2022ರಿಂದ ಸಾಮಾನ್ಯ ಪ್ರವೇಶಪರೀಕ್ಷೆ ಬಂದಿತು. ಅದರ ದೋಷಗಳು ಹಲವು. ಆದರೂ ಕಲ್ಯಾಣದ ಒಬ್ಬ ಹುಡುಗನೂ ದಿಲ್ಲಿಯ ಒಬ್ಬ ಹುಡುಗನೂ ಒಂದೇ ಪ್ರಶ್ನೆಪತ್ರಿಕೆಯ ಮುಂದೆ ಕುಳಿತುಕೊಳ್ಳುವರೆಂಬುದು ಸಣ್ಣ ಮಾತಲ್ಲ. ಒಂದು ಭಾಷೆ, ಗಣಿತ, ಇವುಗಳೊಡನೆ ಇನ್ನೆರಡು ವಿಷಯಗಳು, ಅಥವಾ ಒಂದು ವಿಷಯವೂ ಸಾಮಾನ್ಯಜ್ಞಾನದ ಪತ್ರಿಕೆಯೂ ಎಂಬುದು ಅರ್ಥಶಾಸ್ತ್ರದ ಆನರ್ಸಿಗೆ ದಿಲ್ಲಿ ವಿಶ್ವವಿದ್ಯಾಲಯ ಕೇಳುವ ಸಂಯೋಜನೆ. 2025ರ ಪದ್ಧತಿಯಂತೆ ಪ್ರತಿಯೊಂದು ಪತ್ರಿಕೆಯಲ್ಲಿಯೂ 60 ನಿಮಿಷಗಳಲ್ಲಿ 50 ಪ್ರಶ್ನೆಗಳು. ಸರಿಯುತ್ತರಕ್ಕೆ ಐದು ಅಂಕ, ತಪ್ಪಿಗೆ ಒಂದು ಅಂಕದ ಕಡಿತ.

ಇಲ್ಲಿ ನಮ್ಮವರು ಗಮನಿಸದೆ ಬಿಟ್ಟಿರುವ ಒಂದು ಸಂಗತಿಯುಂಟು. ಆ ಭಾಷಾಪತ್ರಿಕೆಗೆ ಆರಿಸಿಕೊಳ್ಳಬಹುದಾದ ಹದಿಮೂರು ಭಾಷೆಗಳಲ್ಲಿ ಕನ್ನಡವೂ ಒಂದು. ಪರೀಕ್ಷೆಯ ಮಾಧ್ಯಮವಾಗಿಯೂ ಕನ್ನಡ ಲಭ್ಯವಿದೆ. ಇಂಗ್ಲಿಷಿನ ಪತ್ರಿಕೆಯಲ್ಲಿ ದೇಶದ ದೊಡ್ಡ ನಗರಗಳ ಮಕ್ಕಳೊಡನೆ ಸೆಣಸಿ ಒಂದೊಂದು ಅಂಕಕ್ಕೂ ಹೆಣಗುವ ಬದಲು, ಕನ್ನಡವನ್ನು ಓದಿ ಬರೆದು ಬಲ್ಲ ವಿದ್ಯಾರ್ಥಿ, ಆ ವರ್ಷದ ಪ್ರವೇಶನಿಯಮ ಒಪ್ಪುವುದಾದರೆ, ತನ್ನ ಮನೆಯ ಭಾಷೆಯಲ್ಲಿಯೇ ಆ ಪತ್ರಿಕೆಯನ್ನು ಬರೆಯಬಹುದು. ಯೋಗ್ಯತಾಪಟ್ಟಿಯಲ್ಲಿ ಅದಕ್ಕೂ ಸ್ಥಾನವುಂಟು. ಆದರೆ ಮಾತನಾಡಬಲ್ಲೆನೆಂಬುದಷ್ಟೇ ಸಾಲದು: ಗದ್ಯಭಾಗವನ್ನು ವೇಗವಾಗಿ ಓದಿ ಗ್ರಹಿಸುವ ಅಭ್ಯಾಸ ಬೇಕು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡಿ, ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್‌ಗಳನ್ನು ಓದಿ, ಕನ್ನಡದ ಅಕ್ಷರಗಳನ್ನು ಅಜ್ಜಿಯ ಊರಿನ ಬಸ್ಸಿನ ಹಲಗೆಗಳಲ್ಲಿ ಮಾತ್ರ ಕಂಡಿರುವ ಮಕ್ಕಳು ಡೊಂಬಿವಲಿಯಲ್ಲಿಯೂ ವಾಶಿಯಲ್ಲಿಯೂ ಎಷ್ಟೋ ಮಂದಿ. ಹನ್ನೊಂದನೆಯ ತರಗತಿಯಲ್ಲಿ ಆರಂಭಿಸಿದರೆ ಎರಡು ವರ್ಷಗಳ ಅವಕಾಶವಿದೆ. ಈ ಉಪನಗರಗಳ ಕನ್ನಡ ಸಂಘಗಳು ಭಾನುವಾರದ ಒಂದು ಗಂಟೆಯನ್ನು ಈ ಕಾರ್ಯಕ್ಕೆ ಮೀಸಲಿಟ್ಟರೆ, ಅದು ಯಾವ ಸನ್ಮಾನ ಸಮಾರಂಭಕ್ಕಿಂತಲೂ ಭಾಷೆಗೆ ಹೆಚ್ಚಿನ ಉಪಕಾರವನ್ನು ಮಾಡುತ್ತದೆಂದು ನಾನು ದೃಢವಾಗಿ ನಂಬುತ್ತೇನೆ.

ಇನ್ನು ಕಾಲೇಜಿನ ಹೆಸರಿನ ವ್ಯಾಮೋಹ. ಡೊಂಬಿವಲಿಯಿಂದ ಮುಂಬಯಿಯ ಕೊನೆಯ ನಿಲ್ದಾಣಕ್ಕೆ 48 ಕಿಲೋಮೀಟರು, ಕಲ್ಯಾಣದಿಂದ 54. 1869ರಲ್ಲಿ ಸ್ಥಾಪಿತವಾದ ಸೇಂಟ್ ಝೇವಿಯರ್ ಕಾಲೇಜಿನಂಥ ಖ್ಯಾತ ವಿದ್ಯಾಲಯಗಳಲ್ಲಿ ಪದವಿಗೆ ಓದುವುದು ಸರ್ವಥಾ ಶ್ಲಾಘ್ಯ. ಆದರೆ ಹನ್ನೊಂದು, ಹನ್ನೆರಡನೆಯ ತರಗತಿಗಳಿಗೆಂದೇ ಹದಿನಾರರ ಮಗುವನ್ನು ನಿತ್ಯ ಬೆಳಗಿನ ಫಾಸ್ಟ್ ಲೋಕಲಿನ ಬಾಗಿಲಿನಲ್ಲಿ ತೂಗಾಡಿಸಿ, ಹೋಗಿ ಬರುವುದರಲ್ಲಿ ಎರಡೂವರೆ ಮೂರು ಗಂಟೆಗಳನ್ನು ಸವೆಯಿಸುವುದು ಯಾವ ಪ್ರಯೋಜನಕ್ಕೆ? ಪ್ರವೇಶಪರೀಕ್ಷೆಯ ಅಂಕಪಟ್ಟಿಯಲ್ಲಿ ಜೂನಿಯರ್ ಕಾಲೇಜಿನ ಹೆಸರಿಗೆ ಒಂದು ಅಂಕವೂ ಇಲ್ಲ. ಕಲ್ಯಾಣದ ಬಿರ್ಲಾ ಕಾಲೇಜು, ಡೊಂಬಿವಲಿಯ ಪೆಂಢರ್‌ಕರ್ ಕಾಲೇಜು, ಠಾಣೆಯ ಜೋಶಿ-ಬೇಡೇಕರ್ ಕಾಲೇಜುಗಳಂಥ ಸಮೀಪದ ವಿದ್ಯಾಸಂಸ್ಥೆಗಳನ್ನು ಬಿಟ್ಟು ದೂರ ಹೋಗುವ ಮೊದಲು, ಆ ಮೂರು ಗಂಟೆಗಳಲ್ಲಿ ಎಷ್ಟು ಗಣಿತವನ್ನು ಬಿಡಿಸಬಹುದೆಂದು ಎಣಿಸಿ ನೋಡಬೇಕು. ಒಂದನ್ನು ಪಡೆಯುವುದಕ್ಕಾಗಿ ಬಿಟ್ಟುಕೊಟ್ಟದ್ದೇ ಅದರ ನಿಜವಾದ ಬೆಲೆ ಎಂಬುದಲ್ಲವೆ ಅರ್ಥಶಾಸ್ತ್ರದ ಮೊದಲ ಪಾಠ!

ವಿದೇಶದ ಅರ್ಜಿಯಲ್ಲಿ ಪರೀಕ್ಷೆಯಷ್ಟೇ ಅಲ್ಲದೆ ಬರಹಕ್ಕೂ ಸ್ಥಾನವಿದೆ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಅರ್ಜಿ. ಅದರಲ್ಲಿ ಐದು ಆಯ್ಕೆಗಳು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಒಂದನ್ನು ಮಾತ್ರ ಆರಿಸಬಹುದು. ಅವೆರಡಕ್ಕೂ ಅಕ್ಟೋಬರ್ 15ರಂದು ಅಲ್ಲಿಯ ಸಂಜೆ ಆರು ಗಂಟೆ, ಅಂದರೆ ನಮ್ಮ ರಾತ್ರಿ ಹತ್ತೂವರೆ, ಕಡೆಯ ಘಳಿಗೆ. ಹನ್ನೆರಡನೆಯ ತರಗತಿಯ ಮೊದಲ ಕೆಲವು ತಿಂಗಳುಗಳಲ್ಲಿಯೇ ಎಲ್ಲವೂ ಮುಗಿದಿರಬೇಕೆಂದಾಯಿತು. 2026ರ ಪ್ರವೇಶದಿಂದ ಆತ್ಮನಿವೇದನೆಯ ಪತ್ರವನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ: ಈ ವಿಷಯವನ್ನು ಏಕೆ ಓದಬಯಸುವಿರಿ, ನಿಮ್ಮ ವ್ಯಾಸಂಗ ಅದಕ್ಕೆ ನಿಮ್ಮನ್ನು ಹೇಗೆ ಸಿದ್ಧಗೊಳಿಸಿದೆ, ತರಗತಿಯ ಹೊರಗೆ ಏನನ್ನು ಮಾಡಿದ್ದೀರಿ. ಮೂರಕ್ಕೂ ಸೇರಿ 4,000 ಅಕ್ಷರಗಳ ಮಿತಿ. ಈ ಮಿತಿಯೊಳಗೆ ಜಗತ್ಪ್ರಸಿದ್ಧ ಗ್ರಂಥಗಳ ಹೆಸರುಗಳನ್ನು ಪೋಣಿಸಿ, ಬಾಲ್ಯದಿಂದಲೂ ನನಗೆ ಅರ್ಥಶಾಸ್ತ್ರವೆಂದರೆ ಪ್ರಾಣ ಎಂದು ಬರೆಯುವವರಿಗೆ ಕೊರತೆಯಿಲ್ಲ. ನಮ್ಮ ಮಕ್ಕಳಿಗಾದರೋ ಬರೆಯುವುದಕ್ಕೆ ಇದಕ್ಕಿಂತ ಸತ್ತ್ವವುಳ್ಳ ವಸ್ತು ಮನೆಯ ಸುತ್ತಮುತ್ತಲೇ ಇದೆ.

ವಾಶಿಯ, ತುರ್ಭೆಯ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಒಂದು ಬೆಳಗ್ಗೆ ಹೋಗಿ ನಿಂತರೆ ನಾಸಿಕದಿಂದ ಬಂದ ಈರುಳ್ಳಿಯ ಲಾರಿಗಳು ಕಾಣುತ್ತವೆ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿಯ ರಫ್ತಿನ ಮೇಲೆ ಶೇಕಡ 40ರ ಸುಂಕವನ್ನು ಹೇರಿತು. ಡಿಸೆಂಬರಿನಲ್ಲಿ ರಫ್ತನ್ನೇ ನಿಷೇಧಿಸಿತು. 2024ರ ಮೇ ತಿಂಗಳಿನಲ್ಲಿ ನಿಷೇಧವನ್ನು ತೆಗೆಯಿತು. ಕಡೆಗೆ 2025ರ ಏಪ್ರಿಲಿನಿಂದ ಸುಂಕವನ್ನೂ ರದ್ದುಮಾಡಿತು. ನಗರದ ಗೃಹಿಣಿಗೆ ಹಿತವಾದ ಕ್ರಮದಿಂದ ನಾಸಿಕ ಜಿಲ್ಲೆಯ ಲಾಸಲ್‌ಗಾಂವದ ರೈತನಿಗೆ ಏನಾಯಿತು, ಸಗಟಿನಲ್ಲಿ ಇಳಿದ ಬೆಲೆ ಡೊಂಬಿವಲಿಯ ಕೈಗಾಡಿಗೆ ಎಷ್ಟು ದಿನಗಳಲ್ಲಿ ತಲುಪಿತು, ತಲುಪುವಾಗ ಎಷ್ಟು ಉಳಿಯಿತು ಎಂದು ಎರಡು ತಿಂಗಳು ಬೆಲೆಗಳನ್ನು ಗುರುತಿಸಿಕೊಂಡ ವಿದ್ಯಾರ್ಥಿನಿ, ತನ್ನ ನೋಟ್‌ಬುಕ್ಕಿನಿಂದಲೇ ಆ ಮೂರನೆಯ ಪ್ರಶ್ನೆಗೆ ಉತ್ತರಿಸಬಲ್ಲಳು.

ಅಥವಾ ಪಿಗ್ಮಿಯನ್ನು ತೆಗೆದುಕೊಳ್ಳಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ, 1928ರಲ್ಲಿ ಮನೆಯ ಬಾಗಿಲಿಗೆ ದಿನವೂ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಸಂಗ್ರಹಿಸುವ ಈ ಪದ್ಧತಿಯನ್ನು ಆರಂಭಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿಯ ಪದ್ಧತಿ ಸಹಕಾರಿ ಸಂಘಗಳ ಮೂಲಕ ಇಂದಿಗೂ ಬದುಕಿದೆ. ಹಣವನ್ನು ತಾನೇ ಡಬ್ಬಿಯಲ್ಲಿ ಕೂಡಿಡಬಲ್ಲ ಅಂಗಡಿಕಾರ, ಬಡ್ಡಿ ಹೆಚ್ಚಿಲ್ಲದಿದ್ದರೂ, ಸಂಗ್ರಾಹಕನ ಕೈಗೆ ದಿನವೂ ಏಕೆ ಕೊಡುತ್ತಾನೆ? ತನ್ನ ನಾಳಿನ ಮನಸ್ಸಿನ ಮೇಲೆ ತನಗೇ ನಂಬಿಕೆಯಿಲ್ಲದವನು ಇಂದೇ ತನ್ನ ಕೈಯನ್ನು ಕಟ್ಟಿಕೊಳ್ಳಬಯಸುತ್ತಾನೆಂಬ ಉತ್ತರ ಒಂದು. ಬ್ಯಾಂಕಿಗೆ ಹೋಗಿ ಬರುವುದರಲ್ಲಿ ಕಳೆಯುವ ವ್ಯಾಪಾರವೇ ದೊಡ್ಡ ಖರ್ಚೆಂಬ ಉತ್ತರ ಇನ್ನೊಂದು. ಯಾವುದು ಸರಿಯೆಂದು ಪತ್ತೆಹಚ್ಚಲು ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಎಂಬಲ್ಲಿಗೆ ವಿದ್ಯಾರ್ಥಿಯ ಆಲೋಚನೆ ಮುಟ್ಟಿತೆಂದರೆ, ಅವನು ಶಾಸ್ತ್ರದೊಳಗೆ ಕಾಲಿಟ್ಟಂತೆಯೇ. ಮನೆಯ ಹೆಂಗಸರು ನಡೆಸುವ ಭಿಶಿಯೆಂಬ ಚೀಟಿಯ ವ್ಯವಹಾರದಲ್ಲಿಯೂ ಇಂಥದೇ ಪ್ರಶ್ನೆಗಳಿವೆ.

ಕನ್ನಡಿಗರು ಈ ಶಾಸ್ತ್ರಕ್ಕೆ ಹೊಸಬರಲ್ಲ. ಬೆಂಗಳೂರಿನಲ್ಲಿ 1926ರಲ್ಲಿ ಜನಿಸಿದ ಪಿ. ಆರ್. ಬ್ರಹ್ಮಾನಂದರು ಮುಂಬಯಿಗೆ ಬಂದು, 1921ರಲ್ಲಿ ಆರಂಭವಾಗಿದ್ದ ಮುಂಬಯಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಸಿ. ಎನ್. ವಕೀಲರ ಶಿಷ್ಯರೂ ಸಹೋದ್ಯೋಗಿಯೂ ಆಗಿ, ಬಾಳಿನ ಬಹುಭಾಗವನ್ನು ಅಲ್ಲಿಯೇ ಕಳೆದರು. ಎರಡನೆಯ ಪಂಚವಾರ್ಷಿಕ ಯೋಜನೆಯು ಮಹಾಲನೋಬಿಸರ ಮಾದರಿಯನ್ನು ಅನುಸರಿಸಿ ಭಾರೀ ಕೈಗಾರಿಕೆಗಳಿಗೆ ಅಗ್ರಸ್ಥಾನ ನೀಡಿದಾಗ, ದುಡಿಯುವವನ ಅನ್ನ, ಬಟ್ಟೆಗಳಂಥ ವೇತನಸರಕುಗಳ ಪೂರೈಕೆ ಹೆಚ್ಚದೆ ಉದ್ಯೋಗವೂ ಹೆಚ್ಚದೆಂದು ಗುರುವೂ ಶಿಷ್ಯನೂ 1956ರ ತಮ್ಮ ಗ್ರಂಥದಲ್ಲಿ ವಾದಿಸಿದರು. ದೇಶವೆಲ್ಲ ಒಂದು ದಿಕ್ಕಿಗೆ ನಡೆಯುತ್ತಿದ್ದಾಗ, ಇನ್ನೂ ಮೂವತ್ತರ ಪ್ರಾಯದ ಆ ಕನ್ನಡಿಗ ಮುಂಬಯಿಯಲ್ಲಿ ಕುಳಿತು ವಿರುದ್ಧ ದಿಕ್ಕಿನ ಲೆಕ್ಕವನ್ನು ಮುಂದಿಡುವ ಧೈರ್ಯ ತೋರಿದನೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಅದೇ ಮುಂಬಯಿಯಲ್ಲಿ ಓದಿ, 1937ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದ ವಿ. ಕೆ. ಆರ್. ವಿ. ರಾವ್ ಅವರು 1949ರಲ್ಲಿ ದಿಲ್ಲಿ ಸ್ಕೂಲ್ ಆಫ್ ಇಕನಾಮಿಕ್ಸನ್ನೂ, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆಯನ್ನೂ ಕಟ್ಟಿದರು. ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಮತ್ತೆ ಲಂಡನ್ನಿಗೆ ತೆರಳಿ, ರೂಪಾಯಿಯ ಸಮಸ್ಯೆಯನ್ನು ಕುರಿತ ಮಹಾಪ್ರಬಂಧಕ್ಕಾಗಿ 1923ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದ ಅಂಬೇಡ್ಕರರ ಹೆಸರಿನಲ್ಲಿ 2017ರಿಂದ ಬೆಂಗಳೂರಿನಲ್ಲಿ ಒಂದು ಅರ್ಥಶಾಸ್ತ್ರದ ಶಾಲೆ ನಡೆಯುತ್ತಿದೆ. ದಿಲ್ಲಿಯೂ ಲಂಡನ್ನೂ ಮಾತ್ರ ಕಣ್ಣಿಗೆ ಬೀಳುವ ಮನೆಗಳಲ್ಲಿ ಇದರ ಹೆಸರನ್ನೂ, ಪುಣೆಯಲ್ಲಿ 1930ರಲ್ಲಿ ಸ್ಥಾಪಿತವಾದ ಗೋಖಲೆ ಸಂಸ್ಥೆಯ ಹೆಸರನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಹಣದ ಮಾತನ್ನು ಮರೆಮಾಚುವುದು ಸಲ್ಲದು. ಲಂಡನ್, ಕೇಂಬ್ರಿಜ್‌ಗಳಲ್ಲಿ ವಿದೇಶೀ ವಿದ್ಯಾರ್ಥಿಗೆ ಪದವಿಯ ಶುಲ್ಕವೇ ವರ್ಷಕ್ಕೆ ಮೂವತ್ತು ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಊಟ, ವಸತಿ ಬೇರೆ. ಅಂಥದು ಮೂರು ವರ್ಷ. ಇಪ್ಪತ್ತು ವರ್ಷ ಕಂತು ಕಟ್ಟಿ ತಮ್ಮದಾಗಿಸಿಕೊಂಡ ಡೊಂಬಿವಲಿಯ ಫ್ಲಾಟನ್ನು ಅಡವಿಟ್ಟು ಮೊದಲ ಪದವಿಗೆ ಮಗುವನ್ನು ಕಳುಹಿಸುವುದು ನನಗೆ ಒಪ್ಪಿತವಲ್ಲ. ಪೂರ್ಣ ವಿದ್ಯಾರ್ಥಿವೇತನ ದೊರೆತರೆ ಮಾತು ಬೇರೆ. ಇಲ್ಲವಾದರೆ ಪದವಿಯನ್ನು ಇಲ್ಲಿಯೇ ಮುಗಿಸಿ ಸ್ನಾತಕೋತ್ತರಕ್ಕೆ ದೊಡ್ಡ ಬಾಗಿಲುಗಳನ್ನು ತಟ್ಟುವುದು ಲೇಸು. ಸ್ನಾತಕೋತ್ತರದ ಬಾಗಿಲುಗಳು ನಮ್ಮ ದೇಶದಲ್ಲಿಯೇ ಅತ್ಯುತ್ತಮವಾದವುಗಳಿವೆ: ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಗಣಿತಕ್ಕೊಂದು, ಅರ್ಥಶಾಸ್ತ್ರಕ್ಕೊಂದು ಪತ್ರಿಕೆ, ದಿಲ್ಲಿ ಸ್ಕೂಲಿಗೆ ಸ್ನಾತಕೋತ್ತರದ ಸಾಮಾನ್ಯ ಪ್ರವೇಶಪರೀಕ್ಷೆ, 2021ರಿಂದ ಐ.ಐ.ಟಿ.ಗಳ ಜಾಮ್ ಪರೀಕ್ಷೆಯಲ್ಲಿ ಅರ್ಥಶಾಸ್ತ್ರದ ಪತ್ರಿಕೆ. ರಿಸರ್ವ್ ಬ್ಯಾಂಕು 1987ರಲ್ಲಿ ಸ್ಥಾಪಿಸಿದ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನ ಸಂಸ್ಥೆಯಂತೂ ಗೋರೆಗಾಂವದಲ್ಲಿಯೇ ಇದೆ. ವಿದೇಶದ ಉನ್ನತ ವ್ಯಾಸಂಗಕ್ಕೆ ಸಾಲರೂಪದ ವೇತನವನ್ನು ನೀಡುವ ಜೆ. ಎನ್. ಟಾಟಾ ನಿಧಿ 1892ರಿಂದಲೂ ಮುಂಬಯಿಯಲ್ಲಿ ನಡೆದುಬಂದಿದೆ. ಸ್ನಾತಕೋತ್ತರದ ಈ ಬಾಗಿಲುಗಳಲ್ಲೆಲ್ಲ ಮತ್ತೆ ಮೊದಲು ಕೇಳುವುದು ಗಣಿತವನ್ನೇ.

ನವಿ ಮುಂಬಯಿಯ ಪೋಷಕರು ಈಚೆಗೆ ಇನ್ನೊಂದು ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ಹೊಸ ವಿಮಾನನಿಲ್ದಾಣದ ಸಮೀಪದಲ್ಲಿ ನಗರಾಭಿವೃದ್ಧಿ ಸಂಸ್ಥೆಯಾದ ಸಿಡ್ಕೊ ರೂಪಿಸುತ್ತಿರುವ ವಿದ್ಯಾನಗರಿಗಾಗಿ 2025ರ ಜೂನಿನಲ್ಲಿ ಯಾರ್ಕ್, ಅಬರ್ಡೀನ್ ಮೊದಲಾದ ಐದು ವಿದೇಶೀ ಸಂಸ್ಥೆಗಳಿಗೆ ಸಮ್ಮತಿಪತ್ರಗಳು ದೊರೆತಿವೆ. ಮನೆಯ ಬಾಗಿಲಿಗೇ ವಿಶ್ವವಿದ್ಯಾಲಯ ಬರುವಾಗ ದೂರ ಏಕೆ ಹೋಗಬೇಕು ಎಂಬುದು ಆ ಪ್ರಶ್ನೆ. 2023ರ ಯು.ಜಿ.ಸಿ. ನಿಯಮಗಳಂತೆ ಇಂಥ ಆವರಣಗಳ ಪದವಿ ಮೂಲಸಂಸ್ಥೆಯ ಪದವಿಗೆ ಸಮಾನವೆಂದು ಮಾನ್ಯವಾಗುತ್ತದೆ. ಆದರೆ ಪದವಿಪತ್ರ ಸಮಾನವಾದರೂ ಪಾಠ ಸಮಾನವೇ ಎಂಬುದನ್ನು ಸೇರುವವರೇ ವಿಚಾರಿಸಿಕೊಳ್ಳಬೇಕಾಗುತ್ತದೆ: ಮೂಲ ಆವರಣದ ಅಧ್ಯಾಪಕರಲ್ಲಿ ಎಷ್ಟು ಮಂದಿ ಇಲ್ಲಿ ನೆಲೆಸಿ ಕಲಿಸುವರು, ಗ್ರಂಥಾಲಯ ಹೇಗಿದೆ, ಮೊದಲ ವರ್ಷದಲ್ಲಿ ಗಣಿತವೂ ಸಂಖ್ಯಾಶಾಸ್ತ್ರವೂ ಕಡ್ಡಾಯವೇ, ಮೂರನೆಯ ವರ್ಷದಲ್ಲಿ ಅರ್ಥಮಿತಿಯ ಎಷ್ಟು ಪಾಠಗಳಿವೆ. ಪ್ರವೇಶಕ್ಕೆ ಹನ್ನೆರಡನೆಯ ತರಗತಿಯ ಗಣಿತವನ್ನು ಕೇಳದ ಅರ್ಥಶಾಸ್ತ್ರದ ಪದವಿ ಎಲ್ಲಿಯೇ ಇರಲಿ, ಯಾರ ಹೆಸರನ್ನೇ ಹೊತ್ತಿರಲಿ, ಅದಕ್ಕೆ ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟುವ ಮೊದಲು ಅದರ ಪಠ್ಯಕ್ರಮವನ್ನು ತರಿಸಿಕೊಂಡು, ಗಣಿತ ಬಲ್ಲ ಒಬ್ಬ ಮೇಷ್ಟರ ಕೈಯಲ್ಲಿಟ್ಟು ಓದಿಸಬೇಕು.